ಗೈಡ್ ಟಿಪ್ಪಣಿ: ನಮ್ಮ ಆಕಾಶದ ದಿಕ್ಕು, ಗಿಡಕ್ಕೆ ಹಾಕುವ ಗಂಟು, ಕಾಂಗ್ರೆಸ್ ಹುಲ್ಲು

ಸ್ಕೌಟ್ಸ್-ಗೈಡ್ಸ್‌ನ ಹಂತಹಂತದ ಸೋಪಾನ ಪರೀಕ್ಷೆಗೆ ತಯಾರಾಗುತ್ತಿರುವ ಗೈಡ್ ಹುಡುಗಿಯರಿಗೆ ಈ ಟಿಪ್ಪಣಿ. ನಮ್ಮ ಒಂಬತ್ತು ನಿಯಮಗಳಲ್ಲಿ ಐದನೆಯದು ಪ್ರಾಣಿಗಳ ಮೇಲಿನ ಸ್ನೇಹ ಮತ್ತು ನಿಸರ್ಗದ ಮೇಲಿನ ಪ್ರೀತಿಯದ್ದು. ಬಾಯಿಪಾಠ ಎಲ್ಲರಿಗೂ ಬರುತ್ತದೆ. ಹೊರಗೆ ಹೋದಾಗ ಕೈಗೆ ಕೆಲಸ ಬರಬೇಕಲ್ವಾ?

ಗರ್ಲ್ ಗೈಡಿಂಗ್ ಶುರುವಾಗಿದ್ದು 1910ರಲ್ಲಿ, ಇಂಗ್ಲೆಂಡಿನಲ್ಲಿ. ಮರುವರ್ಷವೇ ಜಬಲ್ಪುರಕ್ಕೆ ಬಂತು. ಹಾಗಾಗಿ ನಾವು ಕಲಿಯುವ ಕೆಲವು ಉಪಾಯಗಳು ಇಂಗ್ಲೆಂಡಿನ ಆಕಾಶಕ್ಕೆ, ಅಲ್ಲಿನ ಹವೆಗೆ ಹೊಂದಿದವು. ಇಲ್ಲಿ ಬಳಸುವ ಮುಂಚೆ ಒಮ್ಮೆ ಪರೀಕ್ಷಿಸಿ ನೋಡಬೇಕು.

ಕೈಗಡಿಯಾರದ ಉಪಾಯವನ್ನೇ ತೆಗೆದುಕೊಳ್ಳಿ. ಗಂಟೆಯ ಮುಳ್ಳನ್ನು ಸೂರ್ಯನ ಕಡೆ ಹಿಡಿ, ಅದಕ್ಕೂ 12ಕ್ಕೂ ನಡುವಿನ ಗೆರೆ ದಕ್ಷಿಣ ಎನ್ನುತ್ತಾರೆ. ಸೂರ್ಯ ಮಧ್ಯಾಹ್ನ ಯಾವಾಗಲೂ ದಕ್ಷಿಣದಲ್ಲೇ ಇರುವ ದೇಶದಲ್ಲಿ ಇದು ಸರಿ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನ ತನಕ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕೆ ಹೋಗಿರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ಬೇಸಿಗೆ ಶಿಬಿರದಲ್ಲಿ ಗಡಿಯಾರ ನಂಬಿದರೆ ದಾರಿ ತಪ್ಪಿದ ಹಾಗೇ.

ಕೋಲಿನ ಉಪಾಯ ಇದಕ್ಕಿಂತ ಎಷ್ಟೋ ವಾಸಿ. ಮಟ್ಟಸವಾದ ನೆಲದಲ್ಲಿ ಒಂದು ಕೋಲು ನೆಟ್ಟಗೆ ನೆಡಿ. ನೆರಳಿನ ತುದಿಗೆ ಒಂದು ಕಲ್ಲಿಡಿ. ಇಪ್ಪತ್ತು ನಿಮಿಷ ಬಿಟ್ಟು ಹೊಸ ತುದಿಗೆ ಇನ್ನೊಂದು ಕಲ್ಲು. ಮೊದಲ ಕಲ್ಲು ಪಶ್ಚಿಮ, ಎರಡನೆಯದು ಪೂರ್ವ. ಸೂರ್ಯ ಉತ್ತರದಲ್ಲಿರಲಿ, ದಕ್ಷಿಣದಲ್ಲಿರಲಿ, ಇದು ಬದಲಾಗುವುದಿಲ್ಲ. ನಡು ಮಧ್ಯಾಹ್ನದ ಆಸುಪಾಸಿನಲ್ಲಿ ಮಾಡಿದರೆ ಜಾಸ್ತಿ ನಿಖರ.

ರಾತ್ರಿ ಧ್ರುವ ನಕ್ಷತ್ರ ಹುಡುಕುವಾಗ ತಲೆ ಎತ್ತಿ ನೋಡಬೇಡಿ. ಒಂದು ಊರಿನ ಅಕ್ಷಾಂಶ ಎಷ್ಟೋ, ದಿಗಂತದಿಂದ ಧ್ರುವ ಸುಮಾರು ಅಷ್ಟೇ ಡಿಗ್ರಿ ಮೇಲೆ. ತೋಳು ಚಾಚಿ ಮುಷ್ಟಿ ಹಿಡಿದರೆ ಅದು ಹತ್ತಿರಹತ್ತಿರ 10 ಡಿಗ್ರಿ. ಬೆಂಗಳೂರಿನಲ್ಲಿ ಒಂದು ಮುಷ್ಟಿಗಿಂತ ಸ್ವಲ್ಪ ಮೇಲೆ, ಬೀದರಿನಲ್ಲಿ ಎರಡು ಮುಷ್ಟಿಗೆ ಸ್ವಲ್ಪ ಕಮ್ಮಿ. ಎದುರಿಗೊಂದು ಗುಡ್ಡವಿದ್ದರೆ ಮುಗೀತು, ಕಾಣುವುದೇ ಇಲ್ಲ. ಚಳಿಗಾಲದ ಶಿಬಿರವಾದರೆ ಮಹಾವ್ಯಾಧ (ಒರಾಯನ್) ನಕ್ಷತ್ರಪುಂಜದ ನಡುಪಟ್ಟಿಯ ಮೂರು ನಕ್ಷತ್ರ ನೋಡಿ. ಅವುಗಳಲ್ಲಿ ಮೊದಲು ಹುಟ್ಟುವುದು ಹೆಚ್ಚುಕಮ್ಮಿ ನೇರ ಪೂರ್ವದಲ್ಲೇ ಹುಟ್ಟುತ್ತದೆ.

ಪಾಚಿ ಮರದ ಉತ್ತರ ಮೈಯಲ್ಲಿ ಬೆಳೆಯುತ್ತದೆ ಅನ್ನೋ ಮಾತನ್ನು ಮಲೆನಾಡಿನಲ್ಲಿ ಮರೆತುಬಿಡಿ. ಆಗುಂಬೆ ಕಡೆ ಮರದ ಸುತ್ತಲೂ ಪಾಚಿಯೇ.

ಇನ್ನು ಗಂಟುಗಳು. ಹಗ್ಗದ ತುಂಡು ಹಿಡಿದು ಸುಮ್ನೆ ಅಭ್ಯಾಸ ಮಾಡಿದರೆ ಬೇಜಾರಾಗುತ್ತದೆ, ಗಿಡ ನೆಡುವಾಗ ಕಲಿತರೆ ಮರೆಯುವುದಿಲ್ಲ. ಸಸಿಗೆ ಆಸರೆ ಕೊಡುವಾಗ ಕ್ಲೋವ್ ಹಿಚ್ ಗೂಟಕ್ಕೆ, ಬೋಲೈನ್ ಗಿಡಕ್ಕೆ. ಕ್ಲೋವ್ ಹಿಚ್ ಎಳೆದಷ್ಟೂ ಬಿಗಿಯಾಗುತ್ತದೆ. ಗೂಟಕ್ಕೆ ಅದು ಒಳ್ಳೆಯದು. ಸಸಿಗೆ ಅದನ್ನೇ ಹಾಕಿದರೆ ಕಾಂಡ ದಪ್ಪವಾಗುತ್ತಾ ಹೋದಂತೆ ಹಗ್ಗ ತೊಗಟೆಯೊಳಗೆ ಇಳಿಯುತ್ತದೆ. ಬೋಲೈನಿನ ಕುಣಿಕೆ ಜಾರುವುದಿಲ್ಲ, ಬಿಗಿಯುವುದೂ ಇಲ್ಲ. ಒಳಗೆ ಎರಡು ಬೆರಳು ಆಡುವಷ್ಟು ಜಾಗ ಬಿಡಿ. ಪ್ಲಾಸ್ಟಿಕ್ ದಾರ ಬೇಡ, ಹಳೇ ಬಟ್ಟೆಯ ಪಟ್ಟಿ ಸಾಕು.

ಸಸಿಗಳನ್ನು ಯಾರೋ ತಂದುಕೊಡಲಿ ಎಂದು ಕಾಯುವುದಕ್ಕಿಂತ ನಾವೇ ಬೀಜ ಹಾಕಬಹುದು. ಅಂಕೋಲಾ ಬಳಿಯ ಹೊನ್ನಳ್ಳಿಯ ತುಳಸಿ ಗೌಡ ಅವರಿಗೆ ಹೆಸರು ಬಂದದ್ದು ಒಳ್ಳೆಯ ತಾಯಿಮರ ಗುರುತಿಸಿ ಬೀಜ ಆರಿಸುವ ಜಾಣ್ಮೆಯಿಂದ. ನಾವು ಬೇವಿನಿಂದ ಶುರುಮಾಡೋಣ. ಬೇವಿನ ಹಣ್ಣು ಬೀಳುವ ಹೊತ್ತಿಗೇ ಮಳೆಗಾಲ. ತಿರುಳು ತೊಳೆದು, ನೆರಳಲ್ಲಿ ಆರಿಸಿ, ತಡಮಾಡದೆ ಬಿತ್ತಿ. ಮುಂದಿನ ವರ್ಷಕ್ಕೆ ಅಂತ ಡಬ್ಬಿಯಲ್ಲಿ ಇಟ್ಟರೆ ಮೊಳೆಯುವ ಶಕ್ತಿ ಹೋಗಿರುತ್ತದೆ.

ನನ್ನ ಪ್ರಕಾರ ಗಿಡ ನೆಡುವುದಕ್ಕಿಂತ ದೊಡ್ಡ ಸೇವೆ ಕಾಂಗ್ರೆಸ್ ಹುಲ್ಲು ಕೀಳುವುದು. ಫೋಟೋ ಅಷ್ಟು ಚೆನ್ನಾಗಿ ಬರುವುದಿಲ್ಲ, ನಿಜ. ಅಮೆರಿಕ ಖಂಡದಿಂದ ಬಂದ ಈ ಕಳೆ ಪುಣೆಯಲ್ಲಿ 1955ರಲ್ಲಿ ಕಣ್ಣಿಗೆ ಬಿತ್ತು, ಆಮೇಲೆ ದೇಶವೆಲ್ಲ ಹಬ್ಬಿತು. ಒಂದೇ ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಮಳೆ ಬಂದು ಮಣ್ಣು ಮೆತ್ತಗಿರುವಾಗ, ಬಿಳಿ ಹೂ ಬಿಡುವ ಮುಂಚೆಯೇ ಬೇರು ಸಮೇತ ಕೀಳಬೇಕು. ಕುಡುಗೋಲಿನಿಂದ ಕೊಯ್ದರೆ ಬುಡದಿಂದ ಮತ್ತೆ ಚಿಗುರುತ್ತದೆ. ಕೈಗವಸು, ತುಂಬು ತೋಳಿನ ಅಂಗಿ ಕಡ್ಡಾಯ, ಮೈ ತುರಿಕೆ ಬರುತ್ತದೆ. ಉಬ್ಬಸ ಇರುವ ಹುಡುಗಿಯರಿಗೆ ಬೇರೆ ಕೆಲಸ ಕೊಡಿ.

ಕೀಳುವ ಮುಂಚೆ ಎಲೆ ತಿರುಗಿಸಿ ನೋಡಿ. ಕೆನೆ ಬಣ್ಣದ ಬೆನ್ನ ಮೇಲೆ ಕಂದು ಗೆರೆ ಇರುವ ಪುಟ್ಟ ಜೀರುಂಡೆ ಕಂಡರೆ ಆ ಜಾಗ ಬಿಟ್ಟು ಮುಂದೆ ಹೋಗಿ. ಅದರ ಹೆಸರು ಜೈಗೋಗ್ರಾಮಾ. ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟದ್ದು, ಈ ಹುಲ್ಲನ್ನು ತಿನ್ನಲಿ ಅಂತಲೇ. ಮರಿಹುಳುಗಳೂ ಎಲೆಯನ್ನೇ ಮೇಯುತ್ತವೆ. ಬೇಸಿಗೆಯಲ್ಲಿ ಇವು ಮಣ್ಣಿನೊಳಗೆ ಸೇರುವುದರಿಂದ ಕಾಣಿಸುವುದು ಮಳೆಗಾಲದಲ್ಲೇ.

ಶಿಬಿರದ ಬೆಂಕಿ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಕಾಡಿನೊಳಗೆ ಬೆಂಕಿ ಹಚ್ಚುವುದು ಅಪರಾಧ. ಒಲೆ ಹೂಡುವುದನ್ನು ಶಾಲೆಯ ಮೈದಾನದಲ್ಲೇ ಕಲಿಯಿರಿ, ಪಕ್ಕದಲ್ಲಿ ಎರಡು ಬಕೆಟ್ ನೀರಿರಲಿ.

ಯಾರೂ ಬಾಯಿಬಿಟ್ಟು ಹೇಳದ ಒಂದು ವಿಷಯ: ಮುಟ್ಟು. ಅದಕ್ಕಾಗಿ ಶಿಬಿರ ತಪ್ಪಿಸಿಕೊಳ್ಳಬೇಕಿಲ್ಲ. ಆದರೆ ಬಳಸಿದ ಪ್ಯಾಡನ್ನು ಹೂಳಬೇಡಿ, ನಾಯಿ, ಹಂದಿ ಅಗೆದು ಎಳೆದಾಡುತ್ತವೆ. ಸುಡಲೂ ಬೇಡಿ, ಅದರಲ್ಲಿ ಪ್ಲಾಸ್ಟಿಕ್ ಇದೆ. ಹಳೇ ಪೇಪರ್, ಗಟ್ಟಿ ಕವರ್ ಒಯ್ಯಿರಿ, ಸುತ್ತಿ ವಾಪಸ್ ತನ್ನಿ. ಶಿಬಿರದ ಸಾಮಾನಿನ ಪಟ್ಟಿಯಲ್ಲಿ ಇವನ್ನೂ ಸೇರಿಸಿ ಎಂದು ಕ್ಯಾಪ್ಟನ್ ಮೇಡಂಗೆ ಮೊದಲೇ ಹೇಳಿಬಿಡಿ.