ಒಂದು ಕಂಪನಿ ವಾಸ ಮಾಡುವುದೆಲ್ಲಿ?

ದುಬೈನಲ್ಲಿ ಕೆಲಸ ಮಾಡುವ ಮಂಗಳೂರಿನವರೊಬ್ಬರು ತೆರಿಗೆಯ ಲೆಕ್ಕದಲ್ಲಿ ಭಾರತದ ನಿವಾಸಿಯೋ ಅಲ್ಲವೋ ಎಂದು ತಿಳಿಯಲು ಅವರ ಪಾಸ್‌ಪೋರ್ಟಿನ ಮುದ್ರೆಗಳನ್ನು ನೋಡಿ ದಿನ ಎಣಿಸಿದರೆ ಹೆಚ್ಚೂಕಡಿಮೆ ಸಾಕು. ಆ ವರ್ಷ 182 ದಿನ ಇಲ್ಲಿದ್ದರೆ ನಿವಾಸಿ. ಈಚಿನ ತಿದ್ದುಪಡಿಗಳು ಈ ಲೆಕ್ಕವನ್ನೂ ಕೊಂಚ ಗೋಜಲು ಮಾಡಿವೆ, ಅದಿರಲಿ. ಕಂಪನಿಗಾದರೆ ಪಾಸ್‌ಪೋರ್ಟೇ ಇಲ್ಲ. ಅದು ಯಾವ ಊರಿನದು, ಅದರ ಲಾಭದಲ್ಲಿ ಪಾಲು ಕೇಳುವ ಹಕ್ಕು ಯಾವ ಸರ್ಕಾರದ್ದು ಎಂಬ ಜಗಳಕ್ಕೆ ಈಗ ಒಂದೂವರೆ ಶತಮಾನ.

ಆ ಜಗಳದ ಬಹಳ ಹಳೆಯ ತೀರ್ಪುಗಳಲ್ಲೊಂದು ನಮ್ಮದೇ ನೆಲದ ಸೆಣಬಿನ ಗಿರಣಿಗೆ ಸಂಬಂಧಿಸಿದ್ದು. ಕಲ್ಕತ್ತಾ ಜೂಟ್ ಮಿಲ್ಸ್ ಕಂಪನಿಯ ಗಿರಣಿ ಇದ್ದದ್ದು ಬಂಗಾಳದಲ್ಲಿ, ನೋಂದಣಿ ಆಗಿದ್ದದ್ದು ಇಂಗ್ಲೆಂಡಿನಲ್ಲಿ, ನಿರ್ದೇಶಕರು ಸಭೆ ಸೇರುತ್ತಿದ್ದದ್ದು ಲಂಡನ್ನಿನಲ್ಲಿ. ಸೆಣಬು ನೇಯ್ದು ಮಾರುವ ಕೆಲಸವೆಲ್ಲ ಇಲ್ಲೇ ಮುಗಿಯುತ್ತಿತ್ತು. ಆದರೂ 1876ರಲ್ಲಿ ಇಂಗ್ಲಿಷ್ ನ್ಯಾಯಾಲಯ, ಕಂಪನಿಯ ತಲೆ ಲಂಡನ್ನಿನಲ್ಲಿದೆ, ಆದ್ದರಿಂದ ಅಷ್ಟೂ ಲಾಭಕ್ಕೆ ತೆರಿಗೆ ಅಲ್ಲೇ ಎಂದಿತು. ಮೂವತ್ತು ವರ್ಷಗಳ ನಂತರ, 1906ರಲ್ಲಿ, ದಕ್ಷಿಣ ಆಫ್ರಿಕದ ವಜ್ರದ ಕಂಪನಿ ಡಿ ಬೀರ್ಸ್‌ಗೂ ಅದೇ ಗತಿಯಾಯಿತು. ಅದರ ನೋಂದಣಿ ಆಫ್ರಿಕದ್ದು, ಗಣಿ ಕಿಂಬರ್ಲಿಯದ್ದು. ಕಂಪನಿ ಉಣ್ಣುವುದೂ ಇಲ್ಲ, ಮಲಗುವುದೂ ಇಲ್ಲ, ಆದರೂ ಅದು ಮನೆ ಹೂಡಿಕೊಂಡು ವ್ಯವಹಾರ ನಡೆಸಬಲ್ಲದು ಎಂದು ಲಾರ್ಡ್ ಲೋರ್‌ಬರ್ನ್ ತಮ್ಮ ತೀರ್ಪಿನಲ್ಲಿ ಬರೆದರು. ನಿಜವಾದ ಹಿಡಿತ ಎಲ್ಲಿದೆಯೋ ಅಲ್ಲೇ ಅದರ ವಾಸ. ಡಿ ಬೀರ್ಸ್‌ನ ಹೆಚ್ಚಿನ ನಿರ್ದೇಶಕರು ಲಂಡನ್ನಿನವರು, ದೊಡ್ಡ ನಿರ್ಧಾರಗಳೂ ಅಲ್ಲಿಯವೇ.

ಸಾಮ್ರಾಜ್ಯದ ಬೊಕ್ಕಸಕ್ಕೆ ಇದು ಬಲು ಅನುಕೂಲದ ಸೂತ್ರವಾಗಿತ್ತು. ನೋಂದಣಿಯ ಕಾಗದವನ್ನು ಪಕ್ಕಕ್ಕಿಟ್ಟು ಹಿಡಿತ ಯಾರದೆಂದು ಕೇಳಿದರೆ, ವಸಾಹತುಗಳಲ್ಲಿ ದುಡಿದ ಹಣವೆಲ್ಲ ಲಂಡನ್ನಿನ ಲೆಕ್ಕಕ್ಕೆ ಬಂದು ಬೀಳುತ್ತದೆ. ಅದೇ ಪ್ರಶ್ನೆಯನ್ನು ಮುಂದೆ ಭಾರತ ಕೇಳಬೇಕಾಗಿ ಬಂತು. ಕೇಳಲು ನಾವು ತೆಗೆದುಕೊಂಡ ಸಮಯ ಮಾತ್ರ ವಿಪರೀತ.

1961ರ ನಮ್ಮ ಆದಾಯ ತೆರಿಗೆ ಕಾಯ್ದೆಯಲ್ಲಿ ವಿದೇಶಿ ಕಂಪನಿಯೊಂದು ಇಲ್ಲಿನ ನಿವಾಸಿ ಎನಿಸಿಕೊಳ್ಳಲು ಅದರ ನಿಯಂತ್ರಣ ಮತ್ತು ನಿರ್ವಹಣೆ ‘ಸಂಪೂರ್ಣವಾಗಿ’ ಭಾರತದಲ್ಲಿರಬೇಕಿತ್ತು. ತೂತು ಇದ್ದದ್ದು ಆ ಒಂದೇ ಪದದಲ್ಲಿ. ವರ್ಷಕ್ಕೊಂದು ನಿರ್ದೇಶಕರ ಸಭೆಯನ್ನು ಹೊರದೇಶದಲ್ಲಿ ನಡೆಸಿ ನಡಾವಳಿ ಬರೆದಿಟ್ಟರೆ ‘ಸಂಪೂರ್ಣ’ ಎನ್ನುವುದು ಬಿದ್ದುಹೋಗುತ್ತಿತ್ತು. ಈ ತೂತನ್ನು ಮುಚ್ಚಲು 2015ರ ಬಜೆಟ್ಟಿನವರೆಗೆ ಕಾಯಬೇಕಾಯಿತು.

ಅಷ್ಟರಲ್ಲಿ ಇನ್ನೊಂದು ಬಾಗಿಲು ತೆರೆದುಕೊಂಡಿತ್ತು. ಅದನ್ನು ತೆರೆದವರೂ ನಾವೇ. 1982ರಲ್ಲಿ ಭಾರತವೂ ಮಾರಿಷಸ್ಸೂ ಒಂದೇ ಆದಾಯಕ್ಕೆ ಎರಡು ಕಡೆ ತೆರಿಗೆ ಬೀಳದಂತೆ ಒಪ್ಪಂದ ಮಾಡಿಕೊಂಡವು. ಷೇರು ಮಾರಿ ಬಂದ ಲಾಭಕ್ಕೆ, ಮಾರಿದವರು ಯಾವ ದೇಶದ ನಿವಾಸಿಯೋ ಆ ದೇಶ ಮಾತ್ರ ತೆರಿಗೆ ಹಾಕಬಹುದು ಎಂಬುದು ಅದರ ಒಂದು ಷರತ್ತು. ಮಾರಿಷಸ್‌ನಲ್ಲಿ ಅಂಥ ಲಾಭಕ್ಕೆ ತೆರಿಗೆಯೇ ಇರಲಿಲ್ಲ. ಎರಡು ಕಡೆ ಬೀಳಬಾರದ ತೆರಿಗೆ ಹೀಗೆ ಎಲ್ಲೂ ಬೀಳದಂತಾಯಿತು. 1990ರ ದಶಕದ ಉದಾರೀಕರಣದ ನಂತರ ಅಮೆರಿಕ, ಯೂರೋಪುಗಳ ಹಣವೂ ಮಾರಿಷಸ್‌ನ ವೇಷ ತೊಟ್ಟು ಬರತೊಡಗಿತು. ಅಲ್ಲಿ ಒಂದು ಕಂಪನಿ ನೋಂದಾಯಿಸಿ, ಸ್ಥಳೀಯ ನಿರ್ದೇಶಕರಿಬ್ಬರನ್ನು ನೇಮಿಸಿ, ಬ್ಯಾಂಕ್ ಖಾತೆ ತೆರೆದು, ಅಲ್ಲಿನ ತೆರಿಗೆ ಇಲಾಖೆಯಿಂದ ನಿವಾಸ ಪ್ರಮಾಣಪತ್ರ ಪಡೆದರೆ ವೇಷ ಪೂರ್ಣ.

2000ದಲ್ಲಿ ಕೆಲವು ಆದಾಯ ತೆರಿಗೆ ಅಧಿಕಾರಿಗಳು ಇಂಥ ಕಂಪನಿಗಳಿಗೆ ನೋಟಿಸು ಕೊಟ್ಟು, ನಿಮ್ಮ ಹಿಡಿತ ಮಾರಿಷಸ್‌ನಲ್ಲಿ ಇಲ್ಲವಲ್ಲ ಎಂದು ಕೇಳಿದರು. 1906ರ ಪ್ರಶ್ನೆಯೇ ಅದು. ಷೇರುಪೇಟೆ ನಡುಗಿತು. ಕೇಂದ್ರೀಯ ನೇರ ತೆರಿಗೆ ಮಂಡಳಿ ಆ ಏಪ್ರಿಲ್‌ನಲ್ಲೇ 789ನೇ ಸುತ್ತೋಲೆ ಹೊರಡಿಸಿ, ಮಾರಿಷಸ್ ಕೊಟ್ಟ ಪ್ರಮಾಣಪತ್ರವಿದ್ದರೆ ಸಾಕು ಎಂದುಬಿಟ್ಟಿತು. ದೆಹಲಿ ಹೈಕೋರ್ಟ್ 2002ರಲ್ಲಿ ಸುತ್ತೋಲೆಯನ್ನು ರದ್ದು ಮಾಡಿದರೂ, ಆಜಾದಿ ಬಚಾವೊ ಆಂದೋಲನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2003ರಲ್ಲಿ ಅದನ್ನು ಎತ್ತಿಹಿಡಿಯಿತು. ಬಂಡವಾಳ ಬೇಕೆಂದು ಸರ್ಕಾರವೇ ಕಣ್ಣು ಮುಚ್ಚಿಕೊಂಡಿದ್ದ ಕಾಲವದು. ಹೂಡಿಕೆದಾರರನ್ನು ಮಾತ್ರ ಬೈದರೆ ಪೂರ್ತಿ ನ್ಯಾಯವಾಗದು.

ವೊಡಾಫೋನ್ ಕತೆ ಓದುಗರಿಗೆ ಗೊತ್ತಿರುವುದೇ. ಕೇಮನ್ ದ್ವೀಪದ ಕಂಪನಿಯೊಂದರ ಒಂದೇ ಒಂದು ಷೇರು 2007ರಲ್ಲಿ ಸುಮಾರು 1,100 ಕೋಟಿ ಡಾಲರ್‌ಗೆ ಕೈ ಬದಲಾಯಿತು, ಅದರ ಬೆನ್ನಿಗೆ ಭಾರತದ ಮೊಬೈಲ್ ವ್ಯವಹಾರವೂ ವೊಡಾಫೋನ್ ಕೈಗೆ ಹೋಯಿತು. ಆ ಮಾರಾಟಕ್ಕೆ ಸರ್ಕಾರ ತೆರಿಗೆ ಕೇಳಿತು. 2012ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತ ಸರ್ಕಾರ 1962ರಿಂದಲೇ ಅನ್ವಯವಾಗುವಂತೆ ಕಾನೂನು ತಿದ್ದಿತು, 2021ರಲ್ಲಿ ಆ ಪೂರ್ವಾನ್ವಯ ತೆರಿಗೆಯನ್ನು ಹಿಂದಕ್ಕೆ ಪಡೆಯಿತು. ಆಟ ಮುಗಿದ ಮೇಲೆ ನಿಯಮ ಬದಲಿಸಿದ್ದು ಅವಿವೇಕ, ಅದರಲ್ಲಿ ನನಗೆ ಅನುಮಾನವಿಲ್ಲ.

ನಿಧಾನವಾಗಿ ನಿಂತು ನೋಡಬೇಕಾದದ್ದು ಬೆಂಗಳೂರಿನ ಪ್ರಕರಣ. ಫ್ಲಿಪ್‌ಕಾರ್ಟ್ 2007ರಲ್ಲಿ ಹುಟ್ಟಿದ್ದು ಇಲ್ಲಿ. ಕೆಲವೇ ವರ್ಷಗಳಲ್ಲಿ ಅದರ ಮಾತೃ ಕಂಪನಿ ಸಿಂಗಪುರದ್ದಾಯಿತು. ಅದಕ್ಕೆ ತೆರಿಗೆಯೊಂದೇ ಕಾರಣವಲ್ಲ, ಆನ್‌ಲೈನ್ ಚಿಲ್ಲರೆ ವ್ಯಾಪಾರಕ್ಕೆ ವಿದೇಶಿ ಹಣ ಬರದಂತೆ ತಡೆದಿದ್ದ ನಮ್ಮ ನಿಯಮಗಳೂ ಕಾರಣ. ಆ ಸಿಂಗಪುರ ಕಂಪನಿಯ ಷೇರುಗಳನ್ನು ಅಮೆರಿಕದ ಹೂಡಿಕೆ ಸಂಸ್ಥೆ ಟೈಗರ್ ಗ್ಲೋಬಲ್ ಕೊಂಡದ್ದು ಮಾರಿಷಸ್ ಕಂಪನಿಗಳ ಮೂಲಕ. 2018ರಲ್ಲಿ ವಾಲ್‌ಮಾರ್ಟ್ ಬಂದು 1,600 ಕೋಟಿ ಡಾಲರ್‌ಗೆ ಫ್ಲಿಪ್‌ಕಾರ್ಟ್‌ನ ಶೇ 77ರಷ್ಟು ಪಾಲು ಹಿಡಿದಾಗ ಟೈಗರ್ ಗ್ಲೋಬಲ್ ಷೇರು ಮಾರಿತು. 2016ರಲ್ಲಿ ಮಾರಿಷಸ್ ಒಪ್ಪಂದಕ್ಕೆ ತಿದ್ದುಪಡಿಯಾಗಿತ್ತು, ನಿಜ. ಆದರೆ 2017ರ ಏಪ್ರಿಲ್ 1ಕ್ಕೆ ಮುಂಚೆ ಕೊಂಡ ಷೇರುಗಳಿಗೆ ಹಳೆಯ ರಿಯಾಯಿತಿ ಉಳಿದಿತ್ತು. ನಮಗೆ ತೆರಿಗೆಯಿಲ್ಲ ಎಂದು ಕಂಪನಿಗಳು ಪ್ರಮಾಣಪತ್ರ ಮುಂದಿಟ್ಟವು.

ವ್ಯವಹಾರವೊಂದಕ್ಕೆ ತೆರಿಗೆ ಬೀಳುತ್ತದೋ ಇಲ್ಲವೋ ಎಂದು ಮೊದಲೇ ಹೇಳುವ ಮುಂಗಡ ತೀರ್ಪು ಪ್ರಾಧಿಕಾರದ ಕಣ್ಣು ಬಿದ್ದದ್ದು ಚೆಕ್ಕಿನ ಸಹಿಯ ಮೇಲೆ. ಎರಡೂವರೆ ಲಕ್ಷ ಡಾಲರ್ ಮೀರಿದ ಯಾವ ಮೊತ್ತಕ್ಕೂ ಮಾರಿಷಸ್‌ನ ನಿರ್ದೇಶಕರ ಸಹಿಯಷ್ಟೇ ಸಾಲುತ್ತಿರಲಿಲ್ಲ, ಅಮೆರಿಕದಲ್ಲಿದ್ದ ಮುಖ್ಯಸ್ಥರ ಸಹಿ ಬೀಳಬೇಕಿತ್ತು. ಮನೆಯ ಯಜಮಾನ ಯಾರೆಂದು ತಿಳಿಯಲು ತಿಜೋರಿಯ ಬೀಗದ ಕೈ ಯಾರ ಸೊಂಟದಲ್ಲಿದೆ ಎಂದು ನೋಡುವುದು ನಮ್ಮ ಹಳ್ಳಿಗಳಲ್ಲೂ ಇದ್ದ ರೂಢಿ. 2020ರಲ್ಲಿ ಪ್ರಾಧಿಕಾರ ಕಂಪನಿಗಳ ಅರ್ಜಿ ತಳ್ಳಿಹಾಕಿತು. 2024ರ ಆಗಸ್ಟ್‌ನಲ್ಲಿ ದೆಹಲಿ ಹೈಕೋರ್ಟ್ ಅವುಗಳ ಪರವಾಗಿ ತೀರ್ಪು ಕೊಟ್ಟಿತು. 2026ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬದಿಗೆ ಸರಿಸಿ, ಇಂಥ ಏರ್ಪಾಡಿಗೆ ನಿವಾಸ ಪ್ರಮಾಣಪತ್ರವೊಂದೇ ರಕ್ಷೆಯಾಗಲಾರದು ಎಂದಿತು. ಕಲ್ಕತ್ತಾದ ಗಿರಣಿಗೆ ಲಂಡನ್ನಿನಲ್ಲಿ ಕೇಳಿದ ಪ್ರಶ್ನೆಯೇ ಇದು, ಕೇಳಿದವರು ಮಾತ್ರ ಬೇರೆ.

ಇಂಡಿಯಾದ ಉದ್ಯಮಿಗಳು ಹೊರಗೆ ಕಟ್ಟಿದ ಕಂಪನಿಗಳಿಗೂ ಈಗ ಇದೇ ಅಳತೆಗೋಲು. 2015ರ ತಿದ್ದುಪಡಿ ‘ಸಂಪೂರ್ಣ’ ಎಂಬ ಪದವನ್ನು ಕಿತ್ತುಹಾಕಿ, ಪ್ರಮುಖ ನಿರ್ಧಾರಗಳು ವಾಸ್ತವದಲ್ಲಿ ಎಲ್ಲಿ ಆಗುತ್ತವೆ ಎಂಬ ಪರೀಕ್ಷೆಯನ್ನು ತಂದಿತು. 2017ರ ಮಾರ್ಗಸೂಚಿಯ ಪ್ರಕಾರ ಸಭೆ ಸೇರಿದ ಊರಿನ ಹೆಸರು ಕೊನೆಯ ಮಾತಲ್ಲ. ಬೇರೆಡೆ ಆದ ತೀರ್ಮಾನಕ್ಕೆ ಮಂಡಳಿ ಬರೀ ಮೊಹರು ಒತ್ತಿತೋ ಎಂದು ಅಧಿಕಾರಿ ಕೇಳಬಹುದು. ವರ್ಷದ ವಹಿವಾಟು 50 ಕೋಟಿ ರೂಪಾಯಿ ಮೀರದ ವಿದೇಶಿ ಕಂಪನಿಗಳನ್ನು ಈ ಪರೀಕ್ಷೆಯಿಂದ ಹೊರಗಿಡಲಾಗಿದೆ. ಕೋರಮಂಗಲದಲ್ಲಿ ಕುಳಿತು ಸಿಂಗಪುರದ ಕಂಪನಿಯನ್ನು ನಡೆಸುವವರ ಆಡಿಟರ್‌ಗಳಿಗೆ ನಿದ್ದೆಗೆಡಿಸಲು ಇಷ್ಟು ಸಾಕು.

ಕೆಲವರು ಮರಳಿ ಬಂದಿದ್ದಾರೆ. ಅಮೆರಿಕದ ಡೆಲಾವೇರ್‌ನಲ್ಲಿ ನೋಂದಾಯಿಸಿಕೊಂಡಿದ್ದ, ಷೇರು ಹೂಡಿಕೆಯ ಆ್ಯಪ್ ನಡೆಸುವ ಗ್ರೋ 2024ರಲ್ಲಿ ಭಾರತಕ್ಕೆ ಬಂತು. ಅದಕ್ಕಿಂತ ಮುಂಚೆ, 2022ರಲ್ಲಿ, ಫೋನ್‌ಪೇ ಸಿಂಗಪುರದ ನೋಂದಣಿ ತೊರೆಯಿತು. ಆ ಸ್ಥಳಾಂತರಕ್ಕೆ ಅದರ ಹೂಡಿಕೆದಾರರು ಕಟ್ಟಿದ ತೆರಿಗೆ ಸುಮಾರು 8,000 ಕೋಟಿ ರೂಪಾಯಿ. ಸಿಂಗಪುರದ ವಿಳಾಸ ಇದ್ದಷ್ಟೂ ಕಾಲ ಅದರ ಮುಖ್ಯ ಕಚೇರಿ ಇದ್ದದ್ದು ಬೆಂಗಳೂರಿನಲ್ಲೇ.