ಅರವತ್ತೋ, ನೂರಿಪ್ಪತ್ತೋ: ಕೋಡ್‌ನಲ್ಲಿ ಗೆರೆ ಎಳೆಯಲು ಕಲಿಸಿದ ಕತೆ

ಕಂಪ್ಯೂಟರ್‌ಗೆ ಚೌಕ ಬರೆಯಲು ಹೇಳುವುದು ಸುಲಭ. ನೂರು ಹೆಜ್ಜೆ ಮುಂದೆ ಹೋಗು, 90 ಡಿಗ್ರಿ ಬಲಕ್ಕೆ ತಿರುಗು. ಇದನ್ನೇ ನಾಲ್ಕು ಸಲ ಮಾಡಿಸಿದರೆ ಗೆರೆ ಹೊರಟ ಜಾಗಕ್ಕೇ ಬಂದು ಕೂಡಿಕೊಳ್ಳುತ್ತದೆ. ಅದೇ ಖುಷಿಯಲ್ಲಿ ಹೊಸಬರು ತ್ರಿಭುಜಕ್ಕೆ ಕೈಹಾಕುತ್ತಾರೆ. ಸಮಬಾಹು ತ್ರಿಭುಜದ ಕೋನ 60 ಡಿಗ್ರಿ ಎಂದು ಶಾಲೆಯಲ್ಲಿ ಓದಿದ್ದು ನೆನಪಿರುತ್ತದೆ. ನೂರು ಹೆಜ್ಜೆ ಮುಂದೆ, 60 ಡಿಗ್ರಿ ಬಲಕ್ಕೆ, ಮೂರು ಸಲ. ತೆರೆಯ ಮೇಲೆ ಮೂಡುವುದು ತ್ರಿಭುಜವಲ್ಲ, ಒಂದು ಕಡೆ ಬಾಯಿ ತೆರೆದುಕೊಂಡ ಯಾವುದೋ ಆಕಾರ. ಸರಿಯಾಗಿ ನೋಡಿದರೆ ಅದು ಷಡ್ಭುಜದ ಅರ್ಧ.

ತಪ್ಪಿದ್ದೆಲ್ಲಿ? 60 ಎಂಬುದು ತ್ರಿಭುಜದ ಒಳಕೋನ. ಪುಸ್ತಕದಲ್ಲಿ ಬರೆದಿಟ್ಟ ಆಕೃತಿಯನ್ನು ಮೇಲಿನಿಂದ ನೋಡುವವರಿಗೆ ಕಾಣುವ ಕೋನ ಅದು. ಗೆರೆಯ ಮೇಲೆ ನಡೆಯುವವರ ಲೆಕ್ಕವೇ ಬೇರೆ. ನೆಲದ ಮೇಲೆ ತ್ರಿಭುಜ ನಡೆದು ನೋಡಿ. ಮೂಲೆಗೆ ಬಂದಾಗ ಕಾಲು ಸುತ್ತು, ಅಂದರೆ 90 ಡಿಗ್ರಿ, ತಿರುಗಿದರೆ ಸಾಲುವುದಿಲ್ಲ, ಅದನ್ನೂ ದಾಟಿ 120 ಡಿಗ್ರಿ ತಿರುಗಿದರೇನೇ ಮುಂದಿನ ಬದಿಯತ್ತ ಮುಖವಾಗುವುದು. ಮೂರು ಮೂಲೆ ಮುಗಿಯುವಷ್ಟರಲ್ಲಿ ಮೈ ಒಂದು ಪೂರ್ತಿ ಸುತ್ತು, ಅಂದರೆ 360 ಡಿಗ್ರಿ, ತಿರುಗಿರುತ್ತದೆ. ಚೌಕಕ್ಕೂ ಷಡ್ಭುಜಕ್ಕೂ ಮೊತ್ತ ಅಷ್ಟೇ, ಮೂಲೆಗಳ ನಡುವೆ ಹಂಚಿಕೆಯಾಗುವ ರೀತಿ ಮಾತ್ರ ಬೇರೆ. ಆರಂಭಿಕರಿಗೆ ಕೋಡ್ ಕಲಿಸುವಾಗ ಆಗುವ ತಪ್ಪುಗಳಲ್ಲಿ ನನಗೆ ಬಲು ಪ್ರಿಯವಾದದ್ದು ಇದು.

ಈ ನಡೆಯುವ ಲೆಕ್ಕ ಬಂದದ್ದು ಲೋಗೋ ಎಂಬ ಭಾಷೆಯಿಂದ. 1967ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ವಾಲಿ ಫ್ಯೂರ್ಜೈಗ್, ಸೇಮೋರ್ ಪ್ಯಾಪರ್ಟ್, ಸಿಂಥಿಯಾ ಸಾಲೊಮನ್ ಮತ್ತು ಡೇನಿಯಲ್ ಬೊಬ್ರೊ ಮಕ್ಕಳಿಗೆಂದೇ ಅದನ್ನು ರೂಪಿಸಿದರು. ಇಂದು ಲೋಗೋ ಎಂದೊಡನೆ ಚಿತ್ರ ನೆನಪಾಗುತ್ತದೆ. ಆದರೆ ಮೊದಲ ಲೋಗೋದಲ್ಲಿ ಚಿತ್ರವೇ ಇರಲಿಲ್ಲ. ಕಾಗದದ ಮೇಲೆ ಅಕ್ಷರ ಅಚ್ಚೊತ್ತುವ ಟೆಲಿಟೈಪ್ ಯಂತ್ರದ ಮುಂದೆ ಕೂತು ಮಕ್ಕಳು ಪದ, ವಾಕ್ಯಗಳ ಜೊತೆ ಆಡುತ್ತಿದ್ದರು. ‘ಪದ’ ಎಂಬರ್ಥದ ಗ್ರೀಕ್ ಶಬ್ದದಿಂದಲೇ ಭಾಷೆಗೆ ಆ ಹೆಸರು. ಇವಾನ್ ಸದರ್ಲೆಂಡ್ 1963ರಲ್ಲೇ ಸ್ಕೆಚ್‌ಪ್ಯಾಡ್‌ನಲ್ಲಿ ಕಂಪ್ಯೂಟರ್ ತೆರೆಯ ಮೇಲೆ ಗೆರೆ ಎಳೆದು ತೋರಿಸಿದ್ದರು, ನಿಜ. ಆದರೆ ಅಂಥ ಯಂತ್ರ ಮಕ್ಕಳ ಕೈಗೆ ಎಟಕುವಂಥದ್ದಾಗಿರಲಿಲ್ಲ.

ಗೆರೆ ಎಳೆಯುವ ‘ಆಮೆ’ ಎಂಬ ಯಂತ್ರ ಲೋಗೋಗೆ ಬಂದದ್ದು ಒಂದೆರಡು ವರ್ಷ ಕಳೆದ ಮೇಲೆ. 1940ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಗ್ರೇ ವಾಲ್ಟರ್ ಎಂಬ ವಿಜ್ಞಾನಿ ಬೆಳಕು ಕಂಡತ್ತ ಹರಿದಾಡುವ ಪುಟ್ಟ ಯಂತ್ರಗಳನ್ನು ಮಾಡಿ ಆಮೆಗಳೆಂದು ಕರೆದಿದ್ದರು. ಲೋಗೋದ ಆಮೆಗೆ ಹೆಸರು ಬಂದದ್ದು ಅವುಗಳಿಂದ. ಗಾಲಿಗಳ ಮೇಲೆ ಒಂದು ಚಿಪ್ಪು, ಹೊಟ್ಟೆಯಲ್ಲಿ ಒಂದು ಪೆನ್ನು, ನೆಲದ ಮೇಲೆ ಹಾಸಿದ ದೊಡ್ಡ ಕಾಗದ. ಮಗು ಕಮಾಂಡ್ ಕೊಟ್ಟರೆ ಆಮೆ ಗೆರೆ ಎಳೆಯುತ್ತಾ ಸಾಗುತ್ತಿತ್ತು. ಮುಂದೆ ತೆರೆಗಳು ಬಂದಾಗ ಆಮೆ ಅಲ್ಲಿ ಒಂದು ಪುಟ್ಟ ತ್ರಿಕೋನವಾಯಿತು. ಕಂಪ್ಯೂಟರ್ ವಿಜ್ಞಾನಿ ರೇಡಿಯಾ ಪರ್ಲ್‌ಮನ್ 1970ರ ದಶಕದ ನಡುವಿನಲ್ಲಿ ಇನ್ನೂ ಓದುಬರಹ ಬಾರದ ಪುಟಾಣಿಗಳಿಗೂ ಇದನ್ನು ದಾಟಿಸಿದರು. ಟೈಪ್ ಮಾಡುವ ಬದಲು ಗುಂಡಿ ಒತ್ತಿ, ಕಾರ್ಡ್ ಜೋಡಿಸಿ ಆಮೆಯನ್ನು ನಡೆಸುವ ಸಾಧನವನ್ನು ಅವರು ಮಾಡಿದರು.

ಪ್ಯಾಪರ್ಟ್ ಲೋಗೋಗೂ ಮೊದಲು ಜಿನೀವಾದಲ್ಲಿ ಮಕ್ಕಳ ಮನಶ್ಶಾಸ್ತ್ರಜ್ಞ ಝಾನ್ ಪಿಯಾಜೆ ಜೊತೆ ಕೆಲಸ ಮಾಡಿದ್ದವರು. ಮಕ್ಕಳು ಜ್ಞಾನವನ್ನು ತುಂಬಿಸಿಕೊಳ್ಳುವುದಿಲ್ಲ, ತಾವೇ ಕಟ್ಟಿಕೊಳ್ಳುತ್ತಾರೆ ಎಂಬುದು ಅಲ್ಲಿಂದ ಬಂದ ನಂಬಿಕೆ. ಆಮೆಗೆ ಒಂದು ಜಾಗವಿದೆ, ಒಂದು ದಿಕ್ಕಿನತ್ತ ಮುಖವಿದೆ; ಮಗುವಿಗೂ ಅವೆರಡೂ ಇವೆ. ಗೊತ್ತಾಗದಿದ್ದರೆ ನೀನೇ ಆಮೆಯಾಗಿ ನಡೆದು ನೋಡು ಎನ್ನಬಹುದು.

ವೃತ್ತವನ್ನೇ ತೆಗೆದುಕೊಳ್ಳಿ. ಶಾಲೆಯ ರೇಖಾಗಣಿತದಲ್ಲಿ ಮೊದಲು ಕೇಂದ್ರ ಬೇಕು, ತ್ರಿಜ್ಯ ಬೇಕು. ಆಮೆಗೆ ಎರಡೂ ಬೇಡ. ಒಂದು ಹೆಜ್ಜೆ ಮುಂದೆ, ಒಂದು ಡಿಗ್ರಿ ಬಲಕ್ಕೆ, 360 ಸಲ. ನಿಜಕ್ಕೂ ಅದು 360 ಬದಿಗಳ ಬಹುಭುಜ, ಆದರೆ ಕಣ್ಣಿಗೆ ವೃತ್ತವೇ. ಅದರ ಅಡ್ಡಗಲ ಎಷ್ಟು ಹೆಜ್ಜೆ ಎಂದು ಕೇಳಿದರೆ, ಸುಮಾರು 115. 360ನ್ನು ಪೈ ಬೆಲೆಯಿಂದ ಭಾಗಿಸಿದರೆ ಬರುವ ಸಂಖ್ಯೆ. ಪೈ ಎಂದರೇನು ಎಂದು ಮಗು ತಾನಾಗಿ ಕೇಳುವಂತಾಗಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

1980ರ ದಶಕದಲ್ಲಿ ಮನೆ ಮತ್ತು ಶಾಲೆಗಳಿಗೆ ಅಗ್ಗದ ಕಂಪ್ಯೂಟರ್ ಬಂದಾಗ ಲೋಗೋ ಜೊತೆಗೇ ಬಂತು, ಅತಿಯಾದ ನಿರೀಕ್ಷೆಯೂ ಬಂತು. ಲೋಗೋ ಕಲಿತರೆ ಯೋಜನೆ ಹಾಕುವ ಬುದ್ಧಿಯೇ ಬೆಳೆಯುತ್ತದೆ ಎಂಬ ಮಾತು ಹಬ್ಬಿತು. 1984ರಲ್ಲಿ ಸಂಶೋಧಕರಾದ ರಾಯ್ ಪೀ ಮತ್ತು ಮಿಡಿಯನ್ ಕರ್ಲಂಡ್ ಪರೀಕ್ಷಿಸಿ ನೋಡಿದಾಗ ಅಂಥ ಲಾಭ ಕಾಣಲಿಲ್ಲ. ಕಂಪ್ಯೂಟರ್ ಒಂದೇ ಏನನ್ನೋ ಮಾಡಿಬಿಡುತ್ತದೆ ಎಂಬಂತೆ ಅಳೆಯುವುದೇ ಸರಿಯಲ್ಲ, ಅದರ ಸುತ್ತಲಿನ ಕಲಿಕೆಯನ್ನು ನೋಡಬೇಕು ಎಂದು ಪ್ಯಾಪರ್ಟ್ ವಾದಿಸಿದರು. ಎರಡೂ ಕಡೆಯವರ ಮಾತಿನಲ್ಲೂ ಹುರುಳಿದೆ ಎಂದೇ ನನ್ನ ಅಭಿಪ್ರಾಯ. ಕಮಾಂಡ್‌ಗಳನ್ನು ಬೋರ್ಡಿನ ಮೇಲೆ ಬರೆದು ನಕಲು ಮಾಡಿಸುವ ತರಗತಿಯಲ್ಲಿ ಆಮೆ ಇದ್ದೂ ಇಲ್ಲದಂತೆ.

ಕೋಡ್‌ನಲ್ಲಿ ಚಿತ್ರ ಬರೆಯುವ ಇನ್ನೊಂದು ದಾರಿ ನಿರ್ದೇಶಾಂಕಗಳದ್ದು, ಅಂದರೆ ಬಿಂದುವಿನ ಜಾಗ ಹೇಳುವ ಅಂಕಿಗಳದ್ದು. ಇಲ್ಲಿ ನಡೆಯುವವರು ಯಾರೂ ಇಲ್ಲ. ತೆರೆಯ ಮೂಲೆಯಿಂದ ಅಳೆದು, ಇಂಥ ಬಿಂದುವಿನಿಂದ ಇಂಥ ಬಿಂದುವಿಗೆ ಗೆರೆ ಎನ್ನಬೇಕು. 2001ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮೀಡಿಯಾ ಲ್ಯಾಬ್‌ನಲ್ಲಿ ಕೇಸಿ ರೀಸ್ ಮತ್ತು ಬೆನ್ ಫ್ರೈ ಶುರುಮಾಡಿದ ಪ್ರೊಸೆಸಿಂಗ್ ಎಂಬ ಭಾಷೆ, ಕಲಾವಿದರು ಮತ್ತು ವಿನ್ಯಾಸಕಾರರನ್ನು ಈ ದಾರಿಯಲ್ಲಿ ಕೋಡ್‌ನತ್ತ ಕರೆತಂದಿತು. ಒಂದೇ ಸಾಲು ಬರೆದರೆ ಸಾಕು, ವೃತ್ತ ಎದುರಿಗೆ. ಮುಂದೆ ಲಾರೆನ್ ಮೆಕಾರ್ಥಿ ಅದನ್ನು ಪಿ5 ಜೆಎಸ್ ರೂಪದಲ್ಲಿ ಬ್ರೌಸರ್‌ಗೆ ತಂದರು.

ಈ ದಾರಿಯಲ್ಲಿ ಎಡವುವ ಜಾಗಗಳು ಬೇರೆ. ಮನೆಯ ಮೇಲೆ ಸೂರ್ಯನನ್ನು ಬರೆದವರು ಅದನ್ನು ಇನ್ನಷ್ಟು ಮೇಲೇರಿಸಲು ವೈ ಬೆಲೆಗೆ, ಅಂದರೆ ಮೇಲೆ ಕೆಳಗಿನ ಜಾಗ ಹೇಳುವ ಅಂಕಿಗೆ, 50 ಕೂಡಿಸುತ್ತಾರೆ, ಸೂರ್ಯ ಕೆಳಗಿಳಿದು ಮಾಡಿಗೆ ಬಡಿಯುತ್ತಾನೆ. ಗಣಿತದ ತರಗತಿಯಲ್ಲಿ ವೈ ಮೇಲಕ್ಕೆ ಹೆಚ್ಚುತ್ತದೆ, ಇಲ್ಲಿ ಕೆಳಕ್ಕೆ. ಹಳೆಯ ಪಿಕ್ಚರ್ ಟ್ಯೂಬ್‌ನ ಕಿರಣ ಎಡ ಮೇಲ್ಮೂಲೆಯಿಂದ ಹೊರಟು ಸಾಲುಸಾಲಾಗಿ ಕೆಳಗಿಳಿಯುತ್ತಿತ್ತು. ಎಣಿಕೆ ಅದನ್ನೇ ಹಿಂಬಾಲಿಸಿತು. ಸಾಲದ್ದಕ್ಕೆ ಆಯತವನ್ನು ಅದರ ಎಡ ಮೇಲ್ಮೂಲೆಯಿಂದ ಗುರುತಿಸಬೇಕು, ವೃತ್ತವನ್ನು ನಡುವಿನಿಂದ. ಇವನ್ನು ಹೊಸಬರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ತ್ರಿಭುಜದ 120ರಂತೆ ಹುಡುಕಿ ಪಡೆಯುವ ಸತ್ಯವಲ್ಲ ಇದು, ಯಾರೋ ಮಾಡಿಟ್ಟ ರೂಢಿ.

ಆನ್‌ಲೈನ್ ಪಾಠಗಳ ಖಾನ್ ಅಕಾಡೆಮಿ 2012ರಲ್ಲಿ ಕೋಡ್ ಒಂದು ಬದಿ, ಚಿತ್ರ ಇನ್ನೊಂದು ಬದಿ ಇಟ್ಟು, ಅಂಕಿ ಬದಲಿಸಿದೊಡನೆ ಚಿತ್ರವೂ ಬದಲಾಗುವ ಪಾಠಗಳನ್ನು ತಂದಿತು. ಅದೇ ವರ್ಷ ವಿನ್ಯಾಸಕಾರ ಬ್ರೆಟ್ ವಿಕ್ಟರ್ ಅದಕ್ಕೆ ಆಕ್ಷೇಪ ಎತ್ತಿದರು: ಚಿತ್ರ ತಕ್ಷಣ ಬದಲಾದರೆ ಸಾಲದು, ಆಕಾರ ಬರೆಸಲು ಕೊಟ್ಟ ಅಂಕಿಗಳಲ್ಲಿ ಯಾವುದು ಏನು ಎಂದು ಕಲಿಯುವವರಿಗೆ ಕಾಣಬೇಕು. ಇವತ್ತಿಗೂ ಈ ಮಾತು ಸರಿಯೆನಿಸುತ್ತದೆ.

2007ರಲ್ಲಿ ಜನರ ಮುಂದೆ ಬಂದ ಸ್ಕ್ರ್ಯಾಚ್, ಕಮಾಂಡ್‌ಗಳ ಬ್ಲಾಕ್ ಜೋಡಿಸಿ ಕೋಡ್ ಬರೆಯುವ ಮಕ್ಕಳ ಭಾಷೆ, ಎರಡು ದಾರಿಗಳನ್ನೂ ಕೂಡಿಸಿತು. ಅದರ ಅಂಗಳ 480 ಅಗಲ, 360 ಎತ್ತರ. ಸೊನ್ನೆ ನಟ್ಟನಡುವೆ, ವೈ ಮೇಲಕ್ಕೆ. ಅಲ್ಲಿ ಆಮೆಯ ಬದಲು ಇರುವ ಬೆಕ್ಕನ್ನು ಹೆಜ್ಜೆ ಲೆಕ್ಕದಲ್ಲಿ ನಡೆಸಬಹುದು, ನಿರ್ದೇಶಾಂಕ ಕೊಟ್ಟು ಹಾರಿಸಲೂಬಹುದು. 2019ರ ಆವೃತ್ತಿಯಲ್ಲಿ ಪೆನ್ನಿನ ಬ್ಲಾಕ್‌ಗಳು ಮುಖ್ಯ ಪಟ್ಟಿಯಿಂದ ಎಕ್ಸ್‌ಟೆನ್ಷನ್ ವಿಭಾಗಕ್ಕೆ ಹೋದವು. ಹುಡುಕಿ ಸೇರಿಸಿಕೊಂಡರೆ ಸಿಗುತ್ತವೆ, ಆದರೂ ಗೆರೆ ಎಳೆಯುವುದು ಎದ್ದು ಕಾಣುವ ಜಾಗದಿಂದ ಸರಿದದ್ದು ನನಗೆ ಬೇಸರದ ಸಂಗತಿ.

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಜೊತೆಗೆ ಆಮೆ ಈಗಲೂ ಬರುತ್ತದೆ. ಅಲ್ಲಿ ಕೂತ ಹೊಸಬರು ಈಗಲೂ 60 ಎಂದೇ ಬರೆಯುತ್ತಾರೆ, ಬಾಯಿ ತೆರೆದ ಆಕಾರ ನೋಡಿ ತಬ್ಬಿಬ್ಬಾಗುತ್ತಾರೆ. ಆಗ 120 ಎಂದು ಹೇಳಿಕೊಡಬೇಡಿ. ಕೆಲವರು ಕೋನ ಮುಟ್ಟದೆ ಮೂರು ಸಲ ಇದ್ದದ್ದನ್ನು ಆರು ಸಲ ಮಾಡಿ ನೋಡುತ್ತಾರೆ. ಗೆರೆ ಸುತ್ತಿಬಂದು ಕೂಡುತ್ತದೆ, ಕೇಳದೇ ಬಂದ ಷಡ್ಭುಜ ಎದುರಿಗಿರುತ್ತದೆ. ಆರಕ್ಕೆ 60, ನಾಲ್ಕಕ್ಕೆ 90. ಹಾಗಾದರೆ ಮೂರಕ್ಕೆ ಎಷ್ಟು, ಐದಕ್ಕೆ ಎಷ್ಟು?