ಮಲ್ಟಿಪಾಸ್ ಓಪಿಎ ಅಲೈನ್‌ಮೆಂಟ್ ಅಂದರೆ ಏನು?

ಅಲೈನ್‌ಮೆಂಟ್ ಅಂದ ತಕ್ಷಣ ಎರಡು ಕಿರಣಗಳನ್ನು ಒಂದೇ ಚುಕ್ಕೆಯ ಮೇಲೆ ಬೀಳಿಸುವ ಕೆಲಸ ಅನ್ನಿಸುತ್ತದೆ ಅಲ್ವಾ? ಆಪ್ಟಿಕಲ್ ಪ್ಯಾರಾಮೆಟ್ರಿಕ್ ಆಂಪ್ಲಿಫೈಯರ್‌ನಲ್ಲಿ, ಅಂದರೆ ಓಪಿಎಯಲ್ಲಿ, ಅದು ಮೂರನೇ ಒಂದು ಭಾಗ ಮಾತ್ರ. ಪಂಪ್ ಅನ್ನುವ ಬಲವಾದ ಲೇಸರ್ ಕಿರಣದ ಶಕ್ತಿಯಿಂದ ಸೀಡ್ ಅನ್ನುವ ದುರ್ಬಲ ಕಿರಣವನ್ನು ಹರಳಿನೊಳಗೆ ಬೆಳೆಸುವ ಸಾಧನ ಇದು. ಇಲ್ಲಿ ಜಾಗದ ಜೊತೆಗೆ ಕೋನವೂ ಸಮಯವೂ ಕೂಡಿಬರಬೇಕು.

ಸಮಯ ಯಾಕೆ? ಟೈಟೇನಿಯಂ ಸಫೈರ್‌ನಂಥ ಲೇಸರ್ ಹರಳು ಪಂಪ್ ಕೊಟ್ಟ ಶಕ್ತಿಯನ್ನು ಸುಮಾರು 3 ಮೈಕ್ರೋಸೆಕೆಂಡ್ ಹಿಡಿದಿಟ್ಟುಕೊಳ್ಳುತ್ತದೆ. ಸೀಡ್ ಪಲ್ಸ್ ಸ್ವಲ್ಪ ತಡವಾಗಿ ಬಂದರೂ ನಡೆಯುತ್ತದೆ. ಓಪಿಎಯ ಹರಳು ಏನನ್ನೂ ಕೂಡಿಡುವುದಿಲ್ಲ. ಅದರೊಳಗೆ ಪಂಪ್‌ನ ಒಂದು ಫೋಟಾನ್ ಒಡೆದು ಎರಡಾಗುತ್ತದೆ. ಒಂದು ಸಿಗ್ನಲ್, ಅಂದರೆ ಸೀಡ್‌ಗೆ ಸೇರಿ ಅದನ್ನು ಬೆಳೆಸುವ ಬೆಳಕು. ಇನ್ನೊಂದು ಐಡ್ಲರ್, ಅಂದರೆ ಉಳಿದ ಶಕ್ತಿಯ ಬೆಳಕು. 800 ನ್ಯಾನೋಮೀಟರ್ ಪಂಪ್‌ನಿಂದ 1300ರ ಸಿಗ್ನಲ್ ಪಡೆದರೆ, ಐಡ್ಲರ್ ಸುಮಾರು 2080ರಲ್ಲಿ ಹುಟ್ಟುತ್ತದೆ. ಇದೆಲ್ಲ ಪಂಪ್ ಪಲ್ಸ್ ಹರಳಿನಲ್ಲಿ ಇರುವಷ್ಟು ಹೊತ್ತು ಮಾತ್ರ. ಆ ಪಲ್ಸ್ 100 ಫೆಮ್ಟೋಸೆಕೆಂಡ್‌ನದ್ದಾದರೆ, ಅಷ್ಟರಲ್ಲಿ ಬೆಳಕು ಬರೀ 30 ಮೈಕ್ರಾನ್ ಸಾಗುತ್ತದೆ. ಕನ್ನಡಿಗಳನ್ನು ಸರಿಸಿ ಬೆಳಕಿನ ದಾರಿಯ ಉದ್ದ ಬದಲಿಸುವ ಡಿಲೇ ಸ್ಟೇಜ್‌ನಲ್ಲಿ ಬೆಳಕು ಹೋಗಿ ವಾಪಸ್ ಬರುವುದರಿಂದ, ಸ್ಟೇಜ್ 15 ಮೈಕ್ರಾನ್ ಸರಿದರೆ ಸಾಕು, ಅಷ್ಟು ವ್ಯತ್ಯಾಸ ಆಗಿಬಿಡುತ್ತದೆ.

ಕೋನದ ವಿಷಯ ಫೇಸ್ ಮ್ಯಾಚಿಂಗ್‌ಗೆ ಸೇರಿದ್ದು. ಮೂರೂ ಅಲೆಗಳು ಹರಳಿನ ಉದ್ದಕ್ಕೂ ಹೆಜ್ಜೆ ತಪ್ಪದೆ ಸಾಗಬೇಕು. ತಪ್ಪಿದರೆ ಸಿಗ್ನಲ್‌ಗೆ ಬಂದ ಶಕ್ತಿ ತಿರುಗಿ ಪಂಪ್‌ಗೇ ಹೋಗುತ್ತದೆ.

ಸೀಡನ್ನು ಒಂದಕ್ಕಿಂತ ಜಾಸ್ತಿ ಸಲ ಹರಳಿನ ಮೂಲಕ ಹಾಯಿಸುವುದೇ ಮಲ್ಟಿಪಾಸ್. ಪಂಪ್‌ನ ಸಣ್ಣ ಪಾಲು ಮೊದಲ ಪಾಸ್‌ಗೆ, ದೊಡ್ಡ ಪಾಲು ಕೊನೆಯ ಪಾಸ್‌ಗೆ ಹೋಗುವುದು ಸಾಮಾನ್ಯ. ಪ್ರತಿ ಪಾಸ್‌ಗೂ ತನ್ನದೇ ಡಿಲೇ, ತನ್ನದೇ ಕನ್ನಡಿಗಳು. ಮೊದಲ ಪಾಸ್‌ನ ಐಡ್ಲರನ್ನು ಮುಂದಕ್ಕೆ ಬಿಡಬಾರದು. ಅದು ಸಿಗ್ನಲ್ ಜೊತೆ ಎರಡನೇ ಪಾಸ್‌ಗೆ ನುಗ್ಗಿದರೆ, ಶಕ್ತಿ ಯಾವ ಕಡೆ ಹರಿಯಬೇಕು ಅನ್ನುವುದನ್ನು ಮೂರೂ ಅಲೆಗಳ ಫೇಸ್, ಅಂದರೆ ಅವುಗಳ ಏರಿಳಿತದ ಹಂತ, ನಿರ್ಧರಿಸುತ್ತದೆ. ಕನ್ನಡಿ ಒಂದಿಷ್ಟು ನಡುಗಿದರೂ ಔಟ್‌ಪುಟ್ ಏರಿಳಿಯುತ್ತದೆ.

ದಾರಿ ಹೊಂದಿಸಲು ಎರಡು ಕನ್ನಡಿ, ಎರಡು ಐರಿಸ್ (ಕಿರಣ ಹಾಯುವ, ಹಿಗ್ಗಿಸಿ ಕುಗ್ಗಿಸಬಹುದಾದ ಸಣ್ಣ ರಂಧ್ರ) ಬೇಕು. ಮೊದಲ ಕನ್ನಡಿಯಿಂದ ಹತ್ತಿರದ ಐರಿಸ್‌ಗೆ, ಎರಡನೆಯದರಿಂದ ದೂರದ ಐರಿಸ್‌ಗೆ ಕಿರಣವನ್ನು ತರುವುದು. ಒಂದನ್ನು ಸರಿ ಮಾಡಿದಾಗ ಇನ್ನೊಂದು ಕದಲುತ್ತದೆ. ಆದ್ದರಿಂದ ಎರಡೂ ನಿಲ್ಲುವವರೆಗೆ ಮತ್ತೆ ಮತ್ತೆ ಮಾಡಬೇಕು. ಕಣ್ಣಿಗೆ ಸರಿಯಾದ ಕನ್ನಡಕ ಇರಲಿ, ಪವರ್ ಆದಷ್ಟು ಕಡಿಮೆ ಇರಲಿ.

ಪಂಪ್ ಮತ್ತು ಸೀಡ್ ಸಣ್ಣ ಕೋನದಲ್ಲಿ ಸೇರುವ ಓಪಿಎಗಳಲ್ಲಿ ನನಗೆ ತುಂಬಾ ಇಷ್ಟವಾದ ಒಂದು ದಾರಿ ಇದೆ. 400 ನ್ಯಾನೋಮೀಟರ್ ಪಂಪ್ ಮತ್ತು ಬಿಬಿಒ (ಬೇರಿಯಂ ಬೋರೇಟ್) ಹರಳು ಇದ್ದರೆ ಸೀಡನ್ನು ಪೂರ್ತಿ ತಡೆಯಿರಿ. ಪಂಪ್ ಸಾಕಷ್ಟು ಬಲವಾಗಿದ್ದರೆ ಹರಳಿನ ಆಚೆ ಹಿಡಿದ ಬಿಳಿ ಕಾಗದದ ಮೇಲೆ ಬಣ್ಣದ ಉಂಗುರ ಮೂಡುತ್ತದೆ. ಅದು ಸೂಪರ್‌ಫ್ಲೋರೆಸೆನ್ಸ್, ಅಂದರೆ ಸೀಡ್ ಇಲ್ಲದೆಯೇ ಪಂಪ್‌ನಿಂದ ತಾನಾಗಿ ಹುಟ್ಟಿ ಬೆಳೆಯುವ ಬೆಳಕು. ಹರಳನ್ನು ನಿಧಾನ ತಿರುಗಿಸಿದಾಗ ಬಣ್ಣಗಳೆಲ್ಲ ಹೆಚ್ಚುಕಡಿಮೆ ಒಂದೇ ಉಂಗುರಕ್ಕೆ ಬಂದು ಸೇರುತ್ತವೆ. ಹರಳಿನ ಒಳಗೆ ಪಂಪ್ ಜೊತೆ ಸುಮಾರು 3.7 ಡಿಗ್ರಿ ಕೋನ ಅದು. ಈಗ ಸೀಡನ್ನು ಆ ಉಂಗುರದ ಮೇಲೆ ಹಾಯುವಂತೆ ತಿರುಗಿಸಿದರೆ ಸರಿಯಾದ ಕೋನ ಸಿಕ್ಕಿಬಿಡುತ್ತದೆ. ಉಳಿಯುವುದು ಸಮಯ. ಡಿಲೇಯನ್ನು ನಿಧಾನ ಸರಿಸುತ್ತಾ ಹೋದಾಗ ಒಂದು ಕಡೆ ಸೀಡ್‌ನ ಚುಕ್ಕೆ ಫಕ್ಕನೆ ಹೊಳೆಯುತ್ತದೆ. ಇನ್ನೂ ಸ್ವಲ್ಪ ಸರಿಸಿದರೆ ಅದರ ಬಣ್ಣವೇ ಬದಲಾಗುತ್ತದೆ. ಬಿಳಿ ಬೆಳಕಿನ ಸೀಡ್‌ನಲ್ಲಿ ಒಂದೊಂದು ಬಣ್ಣ ಒಂದೊಂದು ಕ್ಷಣಕ್ಕೆ ಬರುವುದೇ ಇದಕ್ಕೆ ಕಾರಣ.

ಎರಡನೇ ಪಾಸ್ ಕೈಕೊಟ್ಟಾಗ ಅಲ್ಲಿನ ಕನ್ನಡಿಗಳನ್ನೇ ತಿರುಗಿಸುತ್ತಾ ಕೂರಬೇಡಿ. ಮೊದಲ ಪಾಸ್‌ನಲ್ಲಿ ಆದ ಚಿಕ್ಕ ಓರೆ, ಮುಂದಿನ ಉದ್ದ ದಾರಿಯಲ್ಲಿ ದೊಡ್ಡದಾಗಿರುತ್ತದೆ. ಮೊದಲಿಂದ ಶುರುಮಾಡಿ, ಒಂದೊಂದೇ ಪಾಸ್ ನೋಡಿಕೊಂಡು ಬರುವುದೇ ಬೇಗ ಮುಗಿಯುವ ದಾರಿ. ಪವರ್ ಮೀಟರ್‌ನ ಅಂಕಿಯನ್ನು ಮಾತ್ರ ನಂಬಲೂಬೇಡಿ. ಸೀಡನ್ನು ಒಂದು ಸಲ ಅಡ್ಡ ಕಟ್ಟಿ ನೋಡಿ. ಆಗಲೂ ಮೀಟರ್ ಹೆಚ್ಚೇನೂ ಇಳಿಯದಿದ್ದರೆ, ನೀವು ಬೆಳೆಸಿದ್ದು ಸೀಡನ್ನಲ್ಲ, ಸೂಪರ್‌ಫ್ಲೋರೆಸೆನ್ಸನ್ನು.